ಆಮೆ ಟ್ಯಾಂಕಿನಲ್ಲಿ 17 ಮೀನು ಉಳಿಸಿದ ಕಥೆ

ಹೋದ ಭಾನುವಾರ ನೀರು ಬದಲಿಸುವಾಗ ಎಣಿಸಿದೆ. 17 ಮೀನು ಇದ್ದವು. ಬಿಟ್ಟದ್ದು 20. ಹೆಚ್ಚುಕಡಿಮೆ 14 ತಿಂಗಳಾಯಿತು. ಅದೇ ಟ್ಯಾಂಕಿನಲ್ಲಿ ನನ್ನ ರೆಡ್ ಇಯರ್ಡ್ ಸ್ಲೈಡರ್ ಆಮೆ ಕೂಡ ಇದೆ. ಹೆಣ್ಣು, ಚಿಪ್ಪು ಈಗ 6 ಇಂಚಿನ ಹತ್ತಿರ. "ಆಮೆ ಜೊತೆ ಮೀನಾ? ಊಟ ಬಡಿಸ್ತಿದೀನಿ ಅನ್ನು" ಅಂತ ನಕ್ಕವರು ದಾವಣಗೆರೆಯಲ್ಲಿ ಒಬ್ಬಿಬ್ಬರಲ್ಲ. ಈಗ ಅವರೇ ಮನೆಗೆ ಬಂದು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋಗುತ್ತಾರೆ.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಮನೆ ನಿಟ್ಟುವಳ್ಳಿಯಲ್ಲಿ. ಆಮೆ ಸಾಕುವವರಿಗೆ ಬಿಸಿಲಿನ ಕಿರಣ ಕೊಡುವ ಯುವಿಬಿ ದೀಪ, ಬಿಸಿಲು ಕಾಯಿಸುವ ಕಟ್ಟೆ ಇವೆಲ್ಲ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ. ಮೊದಲು ನೀರಿಗೆ ಹಾಕಿದ ದುಡ್ಡಿನ ಕಥೆ.

ಆಮೆ ಮೂರೂವರೆ ಇಂಚು ಇದ್ದಾಗ ನಾಲ್ಕು ಗೋಲ್ಡ್‌ಫಿಶ್ ಬಿಟ್ಟೆ. ಬೆಳಿಗ್ಗೆ ನೋಡಿದರೆ ಎರಡು ಬಾಲ ತೇಲುತ್ತಿದ್ದವು, ಅಷ್ಟೇ. ಹೋಗಲಿ ಆಮೆಗಾದರೂ ಊಟ ಆಯಿತು ಅನ್ನೋಣ ಅಂದರೆ ಅದೂ ಒಳ್ಳೆಯದಲ್ಲ. ಗೋಲ್ಡ್‌ಫಿಶ್‌ನಲ್ಲಿ ವಿಟಮಿನ್ ಬಿ1 ಕೆಡಿಸುವ ಥಯಾಮಿನೇಸ್ ಇದೆ. ಜಾಸ್ತಿ ತಿಂದರೆ ಆಮೆಗೆ ಬಿ1 ಕೊರತೆ ಬರುತ್ತದೆ.

ಆಮೇಲೆ ಸಕ್ಕರ್ ಮೀನು. "ಪಾಚಿ ತಿನ್ನುತ್ತೆ, ಮೈ ಗಟ್ಟಿ, ಆಮೆ ಮುಟ್ಟಲ್ಲ" ಅಂದ ಅಂಗಡಿಯವನು. 150 ರೂಪಾಯಿ ಇರಬೇಕು. ಎರಡು ವಾರ ಎಲ್ಲ ಚೆನ್ನಾಗಿತ್ತು. ಒಂದು ರಾತ್ರಿ ಎದ್ದು ನೋಡುತ್ತೇನೆ, ಮಲಗಿದ ಆಮೆಯ ಬೆನ್ನಿಗೆ ಅಂಟಿಕೊಂಡು ಚಿಪ್ಪು ಕೆರೆಯುತ್ತಿದೆ! ತೆಗೆಯಬೇಕು ತೆಗೆಯಬೇಕು ಅಂತ ನಾಲ್ಕು ದಿನ ತಳ್ಳಿದೆ. ಅಷ್ಟರಲ್ಲಿ ಆಮೆ ಅದನ್ನು ಕಚ್ಚಿ, ರೆಕ್ಕೆಯ ಮುಳ್ಳು ಬಾಯಿಗೆ ಸಿಕ್ಕಿಸಿಕೊಂಡು ಕೂತಿತ್ತು. ದನ ನೋಡುವ ಡಾಕ್ಟರ್ ಹತ್ತಿರ ಒಯ್ದೆ. ಅವರು ಆಮೆ ನೋಡಿದರು, ನನ್ನ ಮುಖ ನೋಡಿದರು. ಕೊನೆಗೆ ವೈಂಡಿಂಗ್ ಚಿಮ್ಮಟದಲ್ಲಿ ನಾನೇ ತೆಗೆದೆ. ಸಕ್ಕರ್ ತರಲೇಬೇಡಿ.

ಇನ್ನೊಂದು ಆಮೆಯೇ ಜೊತೆಗಾರ ಆಗಬಹುದಲ್ವಾ ಅಂತಲೂ ನೋಡಿದೆ. ಊರು ಬಿಡುತ್ತಿದ್ದ ಹುಡುಗನೊಬ್ಬ ಗಂಡು ಸ್ಲೈಡರ್ ಕೊಟ್ಟ. ಗಂಡಿನ ಮುಂಗಾಲಿನ ಉಗುರು ಉದ್ದ. ಅದನ್ನು ಇವಳ ಮುಖದ ಮುಂದೆ ಆಡಿಸುವುದು, ಒಪ್ಪದಿದ್ದರೆ ಕುತ್ತಿಗೆ ಕಚ್ಚುವುದು. ವಾರದೊಳಗೆ ಇವಳು ಊಟ ಬಿಟ್ಟಳು. ಗಂಡನ್ನು ಬೇರೆ ತೊಟ್ಟಿಗೆ ಹಾಕಿದೆ, ಇವತ್ತಿಗೂ ಅಲ್ಲೇ ಇದೆ. "ಸುಮ್ನೆ ಕುಂದವಾಡ ಕೆರೆಗೆ ಬಿಟ್ಟು ಬಾ" ಅಂದವರೂ ಇದ್ದರು. ಅದು ಅಮೆರಿಕದ ಆಮೆ ಮಾರಾಯ್ರೇ, ನಮ್ಮ ಕೆರೆ ಆಮೆಯ ಅನ್ನಕ್ಕೆ ಕಲ್ಲು ಹಾಕುತ್ತದೆ.

ಇಷ್ಟರಲ್ಲಿ ಮೂರು ಮೂರೂವರೆ ಸಾವಿರ ಹೋಗಿತ್ತು. ಮನೆಯಲ್ಲಿ ಮಾತು ಕೇಳಿದ್ದು ಬೇರೆ.

ಗುಟ್ಟು ಗೊತ್ತಾದದ್ದು ಒಂದು ಏಪ್ರಿಲ್‌ನಲ್ಲಿ. ಆರು ರೋಸಿ ಬಾರ್ಬ್ ಮೀನು ಬಿಟ್ಟಿದ್ದೆ. ಹದಿನೈದು ದಿನ ಒಂದೂ ಹೋಗಲಿಲ್ಲ. ಒಂದೇ ರಾತ್ರಿ ನಾಲ್ಕು ಹೋದವು. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ನೆನಪಾಯಿತು, ಅವತ್ತು ರಾತ್ರಿ ಕರೆಂಟು ಇರಲಿಲ್ಲ. ಸೆಕೆಗೆ ನೀರು 30 ಡಿಗ್ರಿ ದಾಟಿರುತ್ತದೆ. ಪಂಪ್ ನಿಂತರೆ ನೀರಿನಲ್ಲಿ ಗಾಳಿ ಸಾಲದು. ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಆಮೆಗೇನು, ಮೂಗು ಮೇಲೆತ್ತಿದರೆ ಉಸಿರು. ಸುಸ್ತಾದ ಮೀನನ್ನು ಕಡಲೆಕಾಯಿ ಹೆಕ್ಕಿದ ಹಾಗೆ ಹೆಕ್ಕಿತು. ಚುರುಕಾದ ಬಾರ್ಬನ್ನು ಅಟ್ಟಿಸಿ ಹಿಡಿಯಲು ಅದಕ್ಕೆ ಆಗುತ್ತಿರಲಿಲ್ಲ. ಮೋಟಾರ್ ರಿಪೇರಿ ಮಾಡುವ ನನಗೆ ಇದು ತಡವಾಗಿ ಹೊಳೆಯಿತಲ್ಲ ಅಂತಲೇ ನಾಚಿಕೆ.

ಈ ಸಲ ಟ್ಯಾಂಕ್ ಉದ್ದ ಮಾಡಿಸಿದೆ. 5 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ನೀರು. 400 ಲೀಟರ್‌ಗೆ ಮೇಲೆಯೇ. ಗಾಜಿಗೆ ಒಂಬತ್ತೂವರೆ ಸಾವಿರ ಬಿತ್ತು. ಮೀನಿಗೆ ಓಡಲು ಉದ್ದ ಬೇಕು, ಎತ್ತರ ಅಲ್ಲ. ಫಿಲ್ಟರ್ ನನ್ನದೇ: ಹಳೇ ಡ್ರಮ್, ಜಲ್ಲಿ, ಸ್ಪಂಜು, ಗುಜರಿಗೆ ಹೋಗಬೇಕಿದ್ದ ಪಂಪಿಗೆ ಹೊಸ ವೈಂಡಿಂಗ್. ಪೇಟೆಯ ಹತ್ತು ಸಾವಿರದ ಫಿಲ್ಟರ್ ಇದರ ಮುಂದೆ ಏನೂ ಅಲ್ಲ, ಬಂದು ನೋಡಿ. ಕರೆಂಟು ಹೋದರೆ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದು, 700 ರೂಪಾಯಿ. ಇಡೀ ಖರ್ಚಿನಲ್ಲಿ ಇದೇ ಸಾರ್ಥಕ.

ಮೀನು ಅಂದರೆ 10 ಜೈಂಟ್ ಡೇನಿಯೊ, 10 ರೋಸಿ ಬಾರ್ಬ್. ಅಂಗಡಿಯಲ್ಲಿ ಸಿಗುವುದು ಒಂದೂವರೆ ಇಂಚಿನ ಮರಿ, ಅದು ಆಮೆಗೆ ಒಂದು ತುತ್ತು. ತಂದು ತಾರಸಿಯ ತೊಟ್ಟಿಯಲ್ಲಿ ನಾಲ್ಕೈದು ತಿಂಗಳು ಬೆಳೆಸಿದೆ. 3 ಇಂಚು ಆದ ಮೇಲೆ ಮೀನನ್ನು ಮೊದಲು ಟ್ಯಾಂಕಿಗೆ ಬಿಟ್ಟೆ, ಆಮೆಯನ್ನು ಮೂರು ವಾರ ಹೊರಗೇ ಇಟ್ಟೆ. ಅಡಗುವ ಜಾಗ ಅಷ್ಟರಲ್ಲಿ ಮೀನಿಗೆ ಬಾಯಿಪಾಠ ಆಗಿರಬೇಕು. ಅಡಗಲು ಮೊದಲು ಬಲೆ ಕಟ್ಟಿದ್ದೆ, ಆಮೆಯ ಕಾಲು ಸಿಕ್ಕಿ ನೀರಲ್ಲೇ ಒದ್ದಾಡಿತು. ಸ್ವಲ್ಪ ತಡವಾಗಿದ್ದರೆ ಮುಳುಗಿ ಸಾಯುತ್ತಿತ್ತು. ಈಗ ಒಂದೂವರೆ ಇಂಚಿನ ಪಿವಿಸಿ ಪೈಪ್ ತುಂಡುಗಳು. ಆಮೆಯ ತಲೆ ಹೋಗುತ್ತದೆ, ಮೈ ಹೋಗುವುದಿಲ್ಲ. ಅವನ್ನು ಹೇಗೆ ಜೋಡಿಸಿ ಕಟ್ಟಿದ್ದೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ಮೂರು ಸಲ ಕೈ ಸುಟ್ಟುಕೊಂಡಿದ್ದೇನೆ.

ಆಮೆಗೆ ಊಟ ಬೇರೆ ಟಬ್ಬಿನಲ್ಲೇ. ಒಂದು ದಿನ ಬಿಟ್ಟು ಒಂದು ದಿನ ಪೆಲೆಟ್ ಅನ್ನುವ ಗುಳಿಗೆ ಆಹಾರ, ದಿನಾ ಕ್ಯಾರೆಟ್ ತುರಿ, ಸೊಪ್ಪು, ಜೊತೆಗೆ ನಾನೇ ಕಲಸುವ ಒಂದು ಉಂಡೆ. ಅದರಲ್ಲಿ ಏನಿದೆ ಅಂತ ಕೇಳಬೇಡಿ. ಹೊಟ್ಟೆ ತುಂಬಿದ ಆಮೆ ಮೀನನ್ನು ಸುಮ್ನೆ ನೋಡುತ್ತದೆ. ಊಟ ತಪ್ಪಿದ ದಿನ ಅದರ ಕಣ್ಣೇ ಬೇರೆ. ಮದುವೆಗೆ ಅಂತ ಎರಡು ದಿನ ಹರಿಹರಕ್ಕೆ ಹೋಗಿದ್ದಾಗಲೇ ಎರಡು ಬಾರ್ಬ್ ಹೋದದ್ದು. ಮೂರನೆಯದು ಡೇನಿಯೊ. ಆಮೆ ತಿಂದದ್ದಲ್ಲ, ರಾತ್ರಿ ಹಾರಿ ಸೋಫಾ ಕೆಳಗೆ ಒಣಗಿತ್ತು. ಮೇಲೆ ಜಾಲರಿ ಹಾಕಿ, ಆದರೆ ಯುವಿಬಿ ದೀಪದ ಕೆಳಗೆ ಗಾಜು ಬೇಡ.

ನಡುವೆ ಬಸವನಹುಳು ಬಿಟ್ಟೆ, ಎರಡು ದಿನದಲ್ಲಿ ಚಿಪ್ಪು ಸಮೇತ ಖಾಲಿ. ಆಮೆಗೆ ಸುಣ್ಣದ ಅಂಶ (ಕ್ಯಾಲ್ಸಿಯಂ) ಸಿಕ್ಕಿತು ಅಂತ ಬೇಜಾರಾಗಲಿಲ್ಲ. ಗಪ್ಪಿಯದು ಬೇರೆಯೇ ಕಥೆ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಿಡುವ ಮೀನು ಅದೇ ಅಲ್ವಾ? ಹತ್ತು ಹದಿನೈದು ತಂದು ಟ್ಯಾಂಕಿಗಲ್ಲ, ಫಿಲ್ಟರ್ ಡ್ರಮ್ಮಿಗೆ ಬಿಟ್ಟೆ. ಅಲ್ಲಿ ಆಮೆಯ ಕಾಟ ಇಲ್ಲ, ಪಾಚಿಗೆ ಬರ ಇಲ್ಲ. ಈಗ ಇನ್ನೂರು ಮುನ್ನೂರು ಇರಬಹುದು. ಪಂಪಿನಲ್ಲಿ ಜಾರಿ ಟ್ಯಾಂಕಿಗೆ ಬಿದ್ದವು ಆಮೆಯ ಪಾಲು. ಮಿಕ್ಕದ್ದನ್ನು ಅದೇ ಸಕ್ಕರ್ ಮಾರಿದ ಅಂಗಡಿಯವನು ಐದು ರೂಪಾಯಿಗೆ ಒಂದರಂತೆ ಒಯ್ಯುತ್ತಾನೆ. 150 ರೂಪಾಯಿ ಎಂದೋ ವಸೂಲಾಯಿತು.