ಚರಂಡಿ ಬಿಲ್ಲಿನಿಂದ ಶುರು ಮಾಡಿ: ತೆರಿಗೆ ದುಡ್ಡಿನ ಲೆಕ್ಕ ಕೇಳೋದು ಹೇಗೆ?

ತೆರಿಗೆ ಜಾಸ್ತಿಯಾಯಿತು ಅಂತ ಬೈಯದವರು ಯಾರಿದ್ದಾರೆ? ಹೋಟೆಲಿನಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಈ ಮಾತು ಬಂದೇ ಬರುತ್ತದೆ. ಎಲೆ ಎತ್ತುವ ಹೊತ್ತಿಗೆ ಮರೆತೂ ಹೋಗುತ್ತದೆ. 'ನಾನು ಇನ್‌ಕಮ್ ಟ್ಯಾಕ್ಸ್ ಕಟ್ಟೋದಿಲ್ಲ, ನಂಗ್ಯಾಕೆ ಅದೆಲ್ಲ' ಅನ್ನುವವರೂ ಇದ್ದಾರೆ. ಆದರೆ ಚಪ್ಪಲಿ ಕೊಂಡರೆ ಜಿಎಸ್‌ಟಿ ಕೊಡುತ್ತೀರಿ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದರೆ ರಾಜ್ಯದ ಮಾರಾಟ ತೆರಿಗೆ ಕೊಡುತ್ತೀರಿ. ಆ ತೆರಿಗೆ 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿತು. ಹಾಗಾಗಿ ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇದೆ.

2025–26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಇಷ್ಟು ದೊಡ್ಡ ಅಂಕಿಯನ್ನು ಎಲ್ಲಿ ಹಿಡಿಯೋದು, ಯಾರನ್ನು ಕೇಳೋದು? ಅದಕ್ಕೇ ಹೇಳುತ್ತೇನೆ, ಮೊದಲಿಗೆ ಬಜೆಟ್ ಬಿಡಿ. ನಿಮ್ಮ ಬೀದಿಯ ಒಂದೇ ಒಂದು ಕಾಮಗಾರಿ ಹಿಡಿಯಿರಿ. ಒಂದು ಚರಂಡಿ ಸಾಕು.

ಹೆಜ್ಜೆ 1: ಕಾಮಗಾರಿಯ ಗುರುತು ಪತ್ತೆ ಮಾಡಿ

ಸರ್ಕಾರಿ ಕಡತದಲ್ಲಿ ನಿಮ್ಮ ಬೀದಿಗೆ ನೀವು ಕರೆಯುವ ಹೆಸರು ಇರುವುದಿಲ್ಲ. ಅಲ್ಲಿ 'ಮಾರಮ್ಮನ ಗುಡಿಯಿಂದ ಸರ್ಕಾರಿ ಶಾಲೆಯವರೆಗೆ ಸಿಸಿ ಚರಂಡಿ ನಿರ್ಮಾಣ' ಅಂತ ಇರುತ್ತದೆ. ಈ ಸಾಲನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಒಮ್ಮೆ ಶಾಲೆ ಕಡೆಯಿಂದ, ಇನ್ನೊಮ್ಮೆ ಗುಡಿ ಕಡೆಯಿಂದ ಹೆಸರು ಬರೆದು ಒಂದೇ ಚರಂಡಿಗೆ ಎರಡು ಬಿಲ್ ಆಗಿದ್ದರೆ ಸಿಕ್ಕಿಬೀಳುವುದು ಇಲ್ಲೇ.

ಬೆಂಗಳೂರಿನವರಾದರೆ 'ಜಾಬ್ ಕೋಡ್' ಹುಡುಕಿ. ಬಿಬಿಎಂಪಿ ಕಾಲದ ಕಾಮಗಾರಿಗಳಿಗೆ ವಾರ್ಡ್, ವರ್ಷ, ಕ್ರಮಸಂಖ್ಯೆ ಸೇರಿಸಿ ಈ ಗುರುತು ಕೊಡುತ್ತಿದ್ದರು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಹಳೆಯ ಕೆಲಸದ ಬಗ್ಗೆ ಕೇಳುವಾಗ ಹಳೆಯ ಕೋಡನ್ನೇ ಹಾಕಿ, ಇಲ್ಲದಿದ್ದರೆ 'ಕಡತ ನಮ್ಮಲ್ಲಿಲ್ಲ' ಅನ್ನುವ ಉತ್ತರ ಸುಲಭವಾಗಿ ಬರುತ್ತದೆ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಆ ವರ್ಷದ ಕ್ರಿಯಾ ಯೋಜನೆ ನೋಡಿ. ಇ–ಗ್ರಾಮ್‌ಸ್ವರಾಜ್ ಜಾಲತಾಣದಲ್ಲೂ ಪಂಚಾಯಿತಿ ಹೆಸರು ಹಾಕಿ ಯೋಜನೆ, ಖರ್ಚು ನೋಡಬಹುದು. ಟೆಂಡರ್ ಆದ ಕೆಲಸವಾದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಇದೆ.

ಟೆಂಡರ್ ಇಲ್ಲದೆಯೇ ಕೆಲಸ ಕೊಟ್ಟಿದ್ದಾರಾ? ಹಾಗಾದರೆ ಎರಡು ಪದ ನೆನಪಿಡಿ: ತುಂಡು ಗುತ್ತಿಗೆ ಮತ್ತು 4–ಜಿ. ಸಣ್ಣ ಮೊತ್ತದ ಕೆಲಸವನ್ನು ಟೆಂಡರ್ ಇಲ್ಲದೆ ಕೊಡುವುದು ತುಂಡು ಗುತ್ತಿಗೆ; ಈ ನಿಯಮ ಬಳಸಿಕೊಂಡು ದೊಡ್ಡ ಕೆಲಸವನ್ನು ಚೂರು ಚೂರು ಮಾಡಿ ಹಂಚುವುದೂ ಉಂಟು. ಟೆಂಡರ್ ಪಾರದರ್ಶಕತೆಗಾಗಿ ಇರುವ 1999ರ ಕೆಟಿಪಿಪಿ ಕಾಯ್ದೆಯಲ್ಲಿ, ವಿಶೇಷ ಕಾರಣ ಕೊಟ್ಟು ವಿನಾಯಿತಿ ಪಡೆಯುವ ಬಾಗಿಲೇ ಸೆಕ್ಷನ್ 4(ಜಿ). ಎರಡೂ ತಾವಾಗಿಯೇ ಅಕ್ರಮವಲ್ಲ. ಆದರೆ ಒಂದೇ ರಸ್ತೆಗೆ ಒಂದೇ ತಿಂಗಳಲ್ಲಿ ನಾಲ್ಕು ತುಂಡು ಕಂಡರೆ ಕೇಳಲೇಬೇಕು.

ಹೆಜ್ಜೆ 2: ಮಾಹಿತಿ ಹಕ್ಕಿನ ಅರ್ಜಿ. ಇಲ್ಲಿ ಅವಸರ ಬೇಡ

ಬಹಳ ಜನ ಎಡವುವುದು ಇಲ್ಲೇ. 'ಕಳೆದ ಹತ್ತು ವರ್ಷದ ಎಲ್ಲಾ ಕಾಮಗಾರಿಗಳ ಎಲ್ಲಾ ದಾಖಲೆ ಕೊಡಿ' ಅಂತ ಬರೆಯುತ್ತಾರೆ. ಹಾಗೆ ಕೇಳಿದರೆ, ಇಷ್ಟೆಲ್ಲ ತೆಗೆಯಲು ಕಚೇರಿಯ ಕೆಲಸವೇ ನಿಲ್ಲುತ್ತದೆ ಅಂತ ಹೇಳಲು ಅಧಿಕಾರಿಗೆ ಕಾನೂನಿನಲ್ಲೇ ದಾರಿ ಇದೆ. ಇನ್ನು ಕೆಲವರು ಅರ್ಜಿಯನ್ನೇ ಭಾಷಣ ಮಾಡುತ್ತಾರೆ. 'ಏಕೆ ಹೀಗೆ ಲೂಟಿ ಮಾಡುತ್ತಿದ್ದೀರಿ?' ಎಂಬುದಕ್ಕೆ ಯಾವ ಕಡತದಲ್ಲೂ ಉತ್ತರವಿರುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಕಡತದಲ್ಲಿ ಇರುವುದು ಮಾತ್ರ. ಅದಕ್ಕೆ ಕಾಗದದ ಹೆಸರು ಹೇಳಿ ಕೇಳಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಬೇರೆ ಇದೆ.

ಮಾಹಿತಿ ಹಕ್ಕಿನ ಅರ್ಜಿಯ ನಮೂನೆ–ಎ ತೆಗೆದುಕೊಳ್ಳಿ. ಹೀಗೆ ಬರೆದರೆ ಸಾಕು:

'2023–24ನೇ ಸಾಲಿನಲ್ಲಿ ಕೈಗೊಂಡ (ಕಾಮಗಾರಿಯ ಪೂರ್ಣ ಹೆಸರು, ಗುರುತಿನ ಸಂಖ್ಯೆ) ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್ಲುಗಳು, ಗುಣಮಟ್ಟ ಪರೀಕ್ಷೆಯ ವರದಿ ಮತ್ತು ಕೆಲಸ ಮುಗಿದ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಕೊಡಿ.'

ಏಕೆ ಬೇಕು ಅಂತ ಬರೆಯುವ ಅಗತ್ಯವಿಲ್ಲ. ಕೇಳಿದರೂ ಹೇಳಬೇಕಿಲ್ಲ. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಸಾಕು. ಪ್ರತಿಗಳಿಗೆ ಪುಟಕ್ಕೆ 2 ರೂಪಾಯಿ. ರಾಜ್ಯದ ಆನ್‌ಲೈನ್ ಪೋರ್ಟಲ್ ಕೂಡ ಇದೆ. ಪಂಚಾಯಿತಿಯಲ್ಲಿ ಅರ್ಜಿ ಹೋಗುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ. 'ಇದು ನಮಗೆ ಬರೋದಿಲ್ಲ, ಆ ಇಲಾಖೆಗೆ ಹೋಗಿ' ಅಂದರೆ ಓಡಬೇಡಿ. ಐದು ದಿನದೊಳಗೆ ಅವರೇ ಅರ್ಜಿಯನ್ನು ಸರಿಯಾದ ಕಚೇರಿಗೆ ಕಳಿಸಬೇಕು ಅಂತ ಕಾಯ್ದೆ ಹೇಳುತ್ತದೆ.

ಉತ್ತರಕ್ಕೆ 30 ದಿನ. ಗಡುವು ಮೀರಿದರೆ ಪ್ರತಿಗಳನ್ನು ಬಿಟ್ಟಿ ಕೊಡಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಆಯೋಗದಲ್ಲಿ ಸರದಿ ಬರುವುದು ನಿಧಾನ. ಹಾಗಾಗಿ ಮೊದಲ ಮೇಲ್ಮನವಿಯನ್ನು ಅಸಡ್ಡೆಯಿಂದ ಬರೆಯಬೇಡಿ, ಬಹಳಷ್ಟು ಅಲ್ಲೇ ಇತ್ಯರ್ಥ ಮಾಡಿಸಿಕೊಳ್ಳಲು ನೋಡಿ.

ಇನ್ನೊಂದು ದಾರಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಪ್ರತಿ ಕೇಳುವ ಬದಲು ಕಡತವನ್ನೂ ಕಾಮಗಾರಿಯನ್ನೂ ಖುದ್ದಾಗಿ ಪರಿಶೀಲಿಸಲು ಅವಕಾಶ ಕೇಳಬಹುದು. ಹಾಕಿದ ಸಾಮಗ್ರಿಯ ಮಾದರಿಯನ್ನೂ ಕೇಳಬಹುದು. ಮೇಜಿನ ಮುಂದೆ ಕೂತು ಕಡತ ತಿರುವಿದರೆ, ಯಾವ ಪುಟ ಬೇಕು ಯಾವುದು ಬೇಡ ಅಂತ ನಿಮಗೇ ತಿಳಿಯುತ್ತದೆ.

ಹೆಜ್ಜೆ 3: ಟೇಪ್ ಹಿಡಿಯಿರಿ

ಕಾಗದ ಬಂತು. ಬಿಲ್ಲಿನ ಮೊತ್ತ ನೋಡಿ ಹೌಹಾರಬೇಡಿ. ಮೊದಲು ತೆರೆಯಬೇಕಾದ್ದು ಅಳತೆ ಪುಸ್ತಕ, ಎಂಜಿನಿಯರುಗಳ ಬಾಯಲ್ಲಿ 'ಎಂ.ಬಿ.' ಗುತ್ತಿಗೆದಾರನಿಗೆ ದುಡ್ಡು ಹೋಗುವುದು ಇದರಲ್ಲಿ ಬರೆದ ಅಳತೆಯ ಮೇಲೆ. ಉದ್ದ, ಅಗಲ, ದಪ್ಪ ಅಥವಾ ಆಳ, ಕೊನೆಗೆ ಪರಿಮಾಣ ಅಂತ ಕಾಲಂಗಳಿರುತ್ತವೆ. ಕೆಳಗೆ ಅಳತೆ ಬರೆದ ಎಂಜಿನಿಯರ್ ಸಹಿ, ಮರುಪರಿಶೀಲಿಸಿದ ಮೇಲಧಿಕಾರಿಯ ಸಹಿ.

ಒಂದು ಉದಾಹರಣೆ ನೋಡಿ. ಕಾಂಕ್ರೀಟ್ ರಸ್ತೆ 200 ಮೀಟರ್ ಉದ್ದ, 3.5 ಮೀಟರ್ ಅಗಲ, 0.15 ಮೀಟರ್ ದಪ್ಪ ಅಂತ ಬರೆದಿದೆ ಅಂದುಕೊಳ್ಳಿ. ಗುಣಿಸಿದರೆ 105 ಘನ ಮೀಟರ್. ನೀವು ಹೋಗಿ ಟೇಪ್ ಹಿಡಿದರೆ ಅಗಲ ಮೂರೇ ಮೀಟರ್. ಅಂದರೆ ನೆಲದ ಮೇಲಿರುವುದು 90 ಘನ ಮೀಟರ್, ದುಡ್ಡು ಹೋಗಿರುವುದು 105ಕ್ಕೆ. 15 ಘನ ಮೀಟರ್ ಕಾಂಕ್ರೀಟು ಬರೀ ಪುಸ್ತಕದಲ್ಲಿದೆ! ಒಂದೇ ಕಡೆ ಅಳೆಯಬೇಡಿ. ಮೊದಲಲ್ಲಿ, ನಡುವೆ, ಕೊನೆಯಲ್ಲಿ ಅಳೆದು ಬರೆದುಕೊಳ್ಳಿ, ಫೋಟೊ ತೆಗೆಯಿರಿ. ದಪ್ಪ ತಿಳಿಯಲು ರಸ್ತೆಯ ಅಂಚು ನೋಡಿ, ಅಥವಾ ನಲ್ಲಿ ಪೈಪಿಗಾಗಿ ಯಾರಾದರೂ ಕತ್ತರಿಸಿದ ಜಾಗ ಇದೆಯೇ ನೋಡಿ. ನೀವೇ ಅಗೆಯಲು ಹೋಗಬೇಡಿ, ಕೇಸ್ ನಿಮ್ಮ ಮೇಲೇ ಬೀಳುತ್ತದೆ.

ಕಾರ್ಯಾದೇಶದಲ್ಲಿ ಇನ್ನೊಂದು ಸಾಲು ಹುಡುಕಿ: ದೋಷ ಹೊಣೆಗಾರಿಕೆ ಅವಧಿ. ಆ ಅವಧಿಯೊಳಗೆ ರಸ್ತೆ ಕಿತ್ತುಬಂದರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿ ಮಾಡಬೇಕು. ಆದರೂ ಅದೇ ರಸ್ತೆಗೆ ಹೊಸ ಅಂದಾಜು ಪಟ್ಟಿ ತಯಾರಾಗಿದ್ದರೆ, ನಿಮ್ಮ ಕೈಯಲ್ಲಿರುವುದು ಗಟ್ಟಿ ಪ್ರಶ್ನೆ.

ಅಳತೆ ಸರಿ ಇದ್ದರೆ? ಸರಿ ಇದೆ ಅಂತ ಊರಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿ. ಎಲ್ಲರನ್ನೂ ಕಳ್ಳರು ಅನ್ನುವವನ ಮಾತನ್ನು ನಾಲ್ಕನೇ ಸಲ ಯಾರೂ ಕೇಳುವುದಿಲ್ಲ.

ಹೆಜ್ಜೆ 4: ಸಭೆಯಲ್ಲಿ ಕೇಳಿ, ಒಬ್ಬರೇ ಹೋಗಬೇಡಿ

ಹಳ್ಳಿಯವರಿಗೆ ಇಲ್ಲಿ ನಗರದವರಿಗಿಂತ ಒಳ್ಳೆಯ ಅವಕಾಶವಿದೆ. ವಾರ್ಡ್ ಸಭೆ, ಗ್ರಾಮ ಸಭೆ ಜೊತೆಗೆ ವರ್ಷಕ್ಕೊಮ್ಮೆ, ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಕಾಮಗಾರಿ, ಖರ್ಚಿನ ದಾಖಲೆಗಳನ್ನು ಜನರ ಮುಂದಿಟ್ಟು ಪರಿಶೀಲಿಸುವ ದಿನ ಅದು. ಎಷ್ಟೋ ಕಡೆ ನಾಲ್ಕು ಜನ ಬಂದು, ಟೀ ಕುಡಿದು, ಸಹಿ ಹಾಕಿ ಹೋಗುತ್ತಾರೆ. ಅವತ್ತು ಎಂ.ಬಿ. ಪ್ರತಿ ಹಿಡಿದುಕೊಂಡು ಹತ್ತು ಜನ ಹೋಗಿ ನೋಡಿ. ಪ್ರಶ್ನೆ ಮತ್ತು ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಏಳಬೇಡಿ.

ಗುಂಪಾಗಿ ಹೋಗಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಮಾಹಿತಿ ಕೇಳಿದ್ದಕ್ಕೆ ಪೆಟ್ಟು ತಿಂದವರು, ಪ್ರಾಣ ಕಳೆದುಕೊಂಡವರು ಈ ದೇಶದಲ್ಲಿದ್ದಾರೆ. ಅರ್ಜಿಯಲ್ಲಿ ಒಬ್ಬರ ಹೆಸರಿದ್ದರೂ ವಿಷಯ ಹತ್ತು ಮನೆಗೆ ಗೊತ್ತಿರಲಿ.

ಹೆಜ್ಜೆ 5: ದುಡ್ಡು ಹೋಗುವ ಮೊದಲೇ ಕೇಳಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಖರ್ಚಾದ ದುಡ್ಡಿನ ಮಾತು. ಹೋದ ದುಡ್ಡು ವಾಪಸ್ ತರುವುದು ಎಷ್ಟು ಕಷ್ಟ ಅಂತ ಒಂದೆರಡು ಕಡತ ನೋಡಿದವರಿಗೆ ಅರ್ಥವಾಗುತ್ತದೆ. ತಡೆಯುವುದು ಅದಕ್ಕಿಂತ ಸುಲಭ.

ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ನೆನಪಿದೆಯಲ್ವಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್, ವೆಚ್ಚ ಸುಮಾರು 1,800 ಕೋಟಿ ರೂಪಾಯಿ. 2016ರ ಅಕ್ಟೋಬರ್‌ನಲ್ಲಿ ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. 'ಬೇಡ' ಎಂಬ ಒಂದೇ ಪದದ ಫಲಕ. ಮರಗಳ ಮಾತು ಹೆಚ್ಚು ಕೇಳಿಸಿತು, ನಿಜ. ಆದರೆ ಜೊತೆಗೇ ದುಡ್ಡಿನ ಪ್ರಶ್ನೆಯೂ ಇತ್ತು: ಇಷ್ಟು ದೊಡ್ಡ ಯೋಜನೆಯ ವಿವರ ಜನರ ಮುಂದೆ ಯಾಕಿಲ್ಲ, ವೆಚ್ಚ ಯಾಕೆ ಇಷ್ಟು? ಹಸಿರು ನ್ಯಾಯಮಂಡಳಿಯಲ್ಲೂ ಕೇಸ್ ನಡೆಯಿತು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. ಬೀದಿಗಿಳಿದವರ ಜೊತೆ ಕಾಗದ ಓದುವವರೂ ಇದ್ದಾಗ ಹೀಗಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೀದಿಗಿಳಿಯದೆ ಮಾಡಬಹುದಾದದ್ದು ವಿದ್ಯುತ್ ದರದ ವಿಚಾರಣೆ. ದರ ಏರಿಸಲು ಬೆಸ್ಕಾಂ, ಹೆಸ್ಕಾಂನಂಥ ಕಂಪನಿಗಳು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ (ಕೆಇಆರ್‌ಸಿ) ಮುಂದೆ ಅರ್ಜಿ ಹಾಕಬೇಕು. ಅರ್ಜಿಯ ಸಾರಾಂಶ ಪತ್ರಿಕೆಗಳಲ್ಲಿ ಬರುತ್ತದೆ, ಆಕ್ಷೇಪಣೆ ಸಲ್ಲಿಸಲು ಗಡುವಿರುತ್ತದೆ, ಆಮೇಲೆ ಸಾರ್ವಜನಿಕ ವಿಚಾರಣೆ. ಯಾವ ಗ್ರಾಹಕರೂ ಹೋಗಿ ಮಾತಾಡಬಹುದು. 'ಬಡವರಿಗೆ ಹೊರೆ' ಅಂದರೆ ತಲೆ ಅಲ್ಲಾಡಿಸಿ ಬಿಡುತ್ತಾರೆ. ಅದರ ಬದಲು ಅರ್ಜಿಯಲ್ಲಿರುವ ಸೋರಿಕೆ ಪ್ರಮಾಣ, ಬಡ್ಡಿ ಖರ್ಚು, ಸರ್ಕಾರಿ ಕಚೇರಿ ಮತ್ತು ಸ್ಥಳೀಯ ಸಂಸ್ಥೆಗಳ ಬಾಕಿ ಬಿಲ್ಲು ಹಿಡಿದು ಕೇಳಿ. ನಿಮ್ಮ ಆಕ್ಷೇಪಣೆ, ಕಂಪನಿಯ ಉತ್ತರ, ಆಯೋಗದ ತೀರ್ಮಾನ ಮೂರೂ ದರ ಆದೇಶದಲ್ಲಿ ದಾಖಲಾಗುತ್ತವೆ. ಪ್ರತಿ ಸಲ ಗೆಲ್ಲುತ್ತೀರಿ ಅಂತ ಹೇಳಲಾರೆ. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಹೊರೆಯನ್ನು 2025ರ ಏಪ್ರಿಲ್ 1ರಿಂದ ಯೂನಿಟ್‌ಗೆ 36 ಪೈಸೆಯಂತೆ ಗ್ರಾಹಕರ ಬಿಲ್ಲಿಗೇ ಸೇರಿಸಲಾಯಿತು. ನಿಮ್ಮ ಕರೆಂಟ್ ಬಿಲ್ ತೆಗೆದು ನೋಡಿ, ಆ ಸಾಲು ಬೇರೆಯಾಗಿಯೇ ಇದೆ.

ಹೆಜ್ಜೆ 6: ಮುಳುಗುವ ಸಂಸ್ಥೆಗೆ ಸುರಿಯುವ ಹಣ

ಇದು ಬೀದಿಯ ಟೇಪಿಗೆ ಸಿಗುವ ವಿಷಯವಲ್ಲ. ಬಿಎಸ್‌ಎನ್‌ಎಲ್‌ಗೆ ಕೇಂದ್ರ ಕೊಟ್ಟ ಪುನಶ್ಚೇತನ ಪ್ಯಾಕೇಜುಗಳನ್ನೇ ನೋಡಿ: 2019ರಲ್ಲಿ ಸುಮಾರು 69,000 ಕೋಟಿ, 2022ರಲ್ಲಿ 1.64 ಲಕ್ಷ ಕೋಟಿ, 2023ರಲ್ಲಿ 89,047 ಕೋಟಿ ರೂಪಾಯಿ. ಕೊಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಖಾಸಗಿ ಕಂಪನಿ ಟವರ್ ಹಾಕದ ಮಲೆನಾಡಿನ ಮೂಲೆಯಲ್ಲಿ ಬಿಎಸ್‌ಎನ್‌ಎಲ್ ಒಂದೇ ಗತಿ. ಆದರೆ ಎರಡನೇ ಕಂತಿಗೆ ಮೊದಲು ಮೊದಲನೆಯದರ ಫಲ ಏನಾಯಿತು ಅಂತ ನಮ್ಮ ಸಂಸದರನ್ನು ಎಷ್ಟು ಜನ ಕೇಳಿದೆವು?

ರಾಜ್ಯದ ಮಟ್ಟದಲ್ಲಿ ನೋಡಬೇಕಾದ್ದು ನಿಗಮ, ಮಂಡಳಿಗಳ ಸಾಲಕ್ಕೆ ಸರ್ಕಾರ ಹಾಕುವ ಜಾಮೀನು. ಸಂಸ್ಥೆ ಸಾಲ ತೀರಿಸದಿದ್ದರೆ ಬೊಕ್ಕಸದಿಂದ ಕಟ್ಟಬೇಕಾಗುತ್ತದೆ. ಇದಕ್ಕೆ ಮಿತಿ ಹಾಕುವ ಕಾಯ್ದೆ ಕರ್ನಾಟಕದಲ್ಲಿ 1999ರಿಂದ ಇದೆ. ಯಾವ ಸಂಸ್ಥೆಗೆ ಎಷ್ಟು ಜಾಮೀನು ಎಂಬ ವಿವರ ಬಜೆಟ್ ದಾಖಲೆಗಳಲ್ಲಿ ಸಿಗುತ್ತದೆ. ನಷ್ಟದಲ್ಲಿರುವ, ಬಾಗಿಲು ಹಾಕಿದ ನಿಗಮಗಳ ಬಗ್ಗೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಓದಿ. ಸಿಎಜಿ ಜಾಲತಾಣದಲ್ಲಿ ರಾಜ್ಯವಾರು, ವರ್ಷವಾರು ಇದೆ, ದುಡ್ಡು ಕೊಡಬೇಕಿಲ್ಲ. ಈ ವರದಿಗಳು ಶಾಸನಸಭೆಯ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಸಾರ್ವಜನಿಕ ಉದ್ಯಮಗಳ ಸಮಿತಿ ಮುಂದೆ ಹೋಗುತ್ತವೆ. ಇಂಥ ಪುಟದ ಇಂಥ ಪ್ಯಾರಾ ಬಗ್ಗೆ ಸದನದಲ್ಲಿ ಪ್ರಶ್ನೆ ಹಾಕಿ ಅಂತ ನಿಮ್ಮ ಶಾಸಕರಿಗೆ ಪತ್ರ ಬರೆಯಿರಿ. ವಿರೋಧ ಪಕ್ಷದವರಾದರೆ ಖುಷಿಯಿಂದ ತೆಗೆದುಕೊಳ್ಳುತ್ತಾರೆ!

ಹೆಜ್ಜೆ 7: ದೂರು ಕೊಡುವುದಾದರೆ

ಅಳತೆಯಲ್ಲಿ ಮೋಸ ಕಾಗದದ ಮೇಲೇ ಕಾಣುತ್ತಿದ್ದರೆ ಲೋಕಾಯುಕ್ತಕ್ಕೆ ಹೋಗಬಹುದು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿದ ಮೇಲೆ ಭ್ರಷ್ಟಾಚಾರ ಪ್ರಕರಣಗಳ ತನಿಖೆಯ ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿದೆ. ದೂರು ನಮೂನೆ 1ರಲ್ಲಿ, ಜೊತೆಗೆ ನಮೂನೆ 2ರಲ್ಲಿ ಪ್ರಮಾಣಪತ್ರ. ಸುಳ್ಳು ದೂರಿಗೆ ಶಿಕ್ಷೆ ಇದೆ, ಆದ್ದರಿಂದ ಕೇಳಿದ್ದು, ಅನುಮಾನಿಸಿದ್ದು ಬರೆಯಬೇಡಿ. ಎಂ.ಬಿ.ಯಲ್ಲಿ ಇಷ್ಟು ಅಂತಿದೆ, ಅಳೆದಾಗ ಇಷ್ಟು ಸಿಕ್ಕಿತು, ಫೋಟೊ ಇದೆ. ಇಷ್ಟೇ ಸಾಕು. ಮಾಹಿತಿ ಹಕ್ಕಿನಲ್ಲಿ ಪಡೆದ ದೃಢೀಕೃತ ಪ್ರತಿಗಳ ಜೆರಾಕ್ಸ್ ಲಗತ್ತಿಸಿ. ಮೂಲ ಪ್ರತಿ, ಅರ್ಜಿಯ ಸ್ವೀಕೃತಿ, ಸ್ಪೀಡ್ ಪೋಸ್ಟಿನ ರಸೀದಿ ಮೂರನ್ನೂ ಒಂದೇ ಫೈಲಿನಲ್ಲಿ ಮನೆಯಲ್ಲಿಡಿ. ಇನ್ನೊಂದು ಸೆಟ್ ಬೇರೆಯವರ ಮನೆಯಲ್ಲಿರಲಿ.