ಪಾಲ್ ರಿವೀರ್‌ನ ಬದುಕು ಮತ್ತು ಕುಟುಂಬ: ದಾಖಲೆಗಳಿಂದ ಚರಿತ್ರೆ ಕಟ್ಟುವ ಬಗೆ

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಬಾಸ್ಟನ್ನಿನ ಬೆಳ್ಳಿ ಕೆಲಸಗಾರ ಪಾಲ್ ರಿವೀರ್ ಎಂದರೆ ಎಲ್ಲರಿಗೂ ನೆನಪಾಗುವುದು ಒಂದೇ ರಾತ್ರಿ, 1775ರ ಏಪ್ರಿಲ್ 18. ಬ್ರಿಟಿಷ್ ಪಡೆ ಹೊರಟಿದೆ ಎಂದು ಎಚ್ಚರಿಸಲು ಆತ ಕುದುರೆಯೇರಿ ಹತ್ತಿರದ ಲೆಕ್ಸಿಂಗ್ಟನ್ ಊರಿಗೆ ಓಡಿದ ರಾತ್ರಿ ಅದು. ಆದರೆ ಆತ ಬದುಕಿದ್ದು 83 ವರ್ಷ. ಅದರಲ್ಲಿ ಬಹುಪಾಲು ಕಳೆದದ್ದು ಬೆಳ್ಳಿ ಕರಗಿಸುವುದರಲ್ಲಿ, ಬಾಕಿ ವಸೂಲಿಯ ಲೆಕ್ಕ ಬರೆಯುವುದರಲ್ಲಿ, ದೊಡ್ಡ ಸಂಸಾರ ಸಾಕುವುದರಲ್ಲಿ. ಆತನ ಬಗ್ಗೆ ಲೇಖನವೋ ಪಾಠವೋ ಬರೆಯುವವರು ಕುದುರೆಯಿಂದ ಆರಂಭಿಸಬಾರದು. ಹಾಗೆ ಆರಂಭಿಸಿದರೆ ಕಸುಬು, ಹೆಂಡತಿ, ಮಕ್ಕಳು ಎಲ್ಲರೂ ಅಡಿಟಿಪ್ಪಣಿಗೆ ಸರಿದುಬಿಡುತ್ತಾರೆ. ಲೆಕ್ಕದ ಪುಸ್ತಕ ಮತ್ತು ಚರ್ಚಿನ ದಾಖಲೆಗಳಿಂದ ಆರಂಭಿಸಿದರೆ ಆ ರಾತ್ರಿಯೂ ಚೆನ್ನಾಗಿ ಅರ್ಥವಾಗುತ್ತದೆ. ಅದೇ ಕಾಲದ ಬೇರೆ ಯಾವ ಕಸುಬುದಾರ-ಸೇನಾಧಿಕಾರಿಯ ಮೇಲೆ ಕೆಲಸ ಮಾಡುವಾಗಲೂ ಇಲ್ಲಿನ ಕ್ರಮ ಉಪಯೋಗಕ್ಕೆ ಬರುತ್ತದೆ.

ಮೊದಲು ತಾರೀಖುಗಳನ್ನು ಸರಿಪಡಿಸಿಕೊಳ್ಳಿ

ರಿವೀರ್ ಹುಟ್ಟಿದ ದಿನ ಒಂದು ಕಡೆ 1734ರ ಡಿಸೆಂಬರ್ 21 ಎಂದಿರುತ್ತದೆ, ಇನ್ನೊಂದು ಕಡೆ 1735ರ ಜನವರಿ 1. ಎರಡೂ ಸರಿ. 1752ರವರೆಗೆ ಬ್ರಿಟನ್ನೂ ಅದರ ವಸಾಹತುಗಳೂ ಹಳೆಯ ಪಂಚಾಂಗ ಬಳಸುತ್ತಿದ್ದವು. ಹೊಸದಕ್ಕೂ ಅದಕ್ಕೂ ಆಗ 11 ದಿನದ ಅಂತರ. ಡಿಸೆಂಬರ್ 21ಕ್ಕೆ 11 ಕೂಡಿಸಿದರೆ ಜನವರಿ 1 ಬರುತ್ತದೆ. ಹಳೆಯ ಪದ್ಧತಿಯಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದೂ ಮಾರ್ಚ್ 25ಕ್ಕೆ. ಹಾಗಾಗಿ 1752ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಜನವರಿ 1ರಿಂದ ಮಾರ್ಚ್ 24ರ ನಡುವಿನ ದಿನಗಳಿಗೆ 1734/35 ಎಂಬಂತೆ ಎರಡು ವರ್ಷ ಬರೆದಿರುವುದನ್ನು ಕಾಣುತ್ತೀರಿ. ದಾಖಲೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿ, ಪಕ್ಕದಲ್ಲಿ ಹೊಸ ತಾರೀಖು ಬರೆಯಿರಿ. ಮೂಲವನ್ನೇ ತಿದ್ದಿಬಿಟ್ಟರೆ ಮುಂದೆ ಬಂದವರು ಇನ್ನೊಮ್ಮೆ 11 ದಿನ ಕೂಡಿಸುತ್ತಾರೆ.

ಇನ್ನೊಂದು ಎಚ್ಚರಿಕೆ. ಚರ್ಚಿನ ಪುಸ್ತಕದಲ್ಲಿ ಸಿಗುವುದು ದೀಕ್ಷಾಸ್ನಾನದ ದಿನ, ಹುಟ್ಟಿದ ದಿನವಲ್ಲ. ರಿವೀರ್ ವಿಷಯದಲ್ಲಿ ಅದು ಹಳೆಯ ಲೆಕ್ಕದ ಡಿಸೆಂಬರ್ 22. ಒಂದೇ ದಿನದ ವ್ಯತ್ಯಾಸ ತಾನೇ ಎಂದು ಎರಡನ್ನೂ ಬೆರೆಸಬೇಡಿ.

ತಂದೆಯ ಹೆಸರೇ ಬೇರೆ

ರಿವೀರ್ ಎಂಬ ಮನೆತನದ ಹೆಸರು ಫ್ರಾನ್ಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ತಂದೆ ಅಪೊಲೋಸ್ ರಿವ್ವಾರ್, 1702ರಲ್ಲಿ ಫ್ರಾನ್ಸ್‌ನ ರಿಯೊಕೊ ಎಂಬ ಊರಿನಲ್ಲಿ ಹುಟ್ಟಿದವನು, ಹ್ಯೂಗನಾಟ್ ಎಂದು ಕರೆಯುವ ಫ್ರೆಂಚ್ ಪ್ರಾಟೆಸ್ಟೆಂಟ್ ಕುಟುಂಬದವನು. ಸುಮಾರು 13ರ ವಯಸ್ಸಿಗೆ ಬಾಸ್ಟನ್‌ಗೆ ಬಂದು ಜಾನ್ ಕೋನಿ ಎಂಬ ಅಕ್ಕಸಾಲಿಗನ ಬಳಿ ಕೆಲಸ ಕಲಿಯಲು ಸೇರಿದ. ಕೋನಿ 1722ರಲ್ಲಿ ತೀರಿಕೊಂಡಾಗ ಕಲಿಕೆಯ ಕರಾರು ಇನ್ನೂ ಮುಗಿದಿರಲಿಲ್ಲ. ಉಳಿದ ಅವಧಿಯೂ ಸತ್ತವನ ಆಸ್ತಿಯ ಪಟ್ಟಿಗೆ ಸೇರಿತು, ಹುಡುಗ ಹಣ ಕಟ್ಟಿ ಅದನ್ನು ಬಿಡಿಸಿಕೊಂಡ. ಕಸುಬುದಾರನ ಬಾಲ್ಯ ಹುಡುಕುವಾಗ ಆತನ ಗುರುವಿನ ಆಸ್ತಿಪಟ್ಟಿಯನ್ನೂ ನೋಡಬೇಕು ಎನ್ನುವುದು ಇದಕ್ಕಾಗಿ. ಶಿಷ್ಯನ ಹೆಸರು ಬೇರೆಲ್ಲೂ ಇಲ್ಲದಿದ್ದರೂ ಅಲ್ಲಿ ಇರಬಹುದು.

ಹೆಸರು ಆಮೇಲೆ ಪಾಲ್ ರಿವೀರ್ ಆಯಿತು. 1729ರಲ್ಲಿ ಡೆಬೊರಾ ಹಿಚ್‌ಬಾರ್ನ್‌ಳನ್ನು ಮದುವೆಯಾದ. ಆಕೆಯ ತವರು ಹಡಗುಕಟ್ಟೆ ಇದ್ದ ಮನೆತನ. ತಂದೆ ಮಗ ಇಬ್ಬರ ಹೆಸರೂ ಪಾಲ್, ಇಬ್ಬರೂ ಬೆಳ್ಳಿ ಕೆಲಸದವರು, ಕೆಲಸ ಮಾಡಿದ್ದೂ ಒಂದೇ ಊರಿನಲ್ಲಿ. ತಂದೆ ತೀರಿಕೊಂಡದ್ದು 1754ರ ಜುಲೈನಲ್ಲಿ. ಅದಕ್ಕಿಂತ ಹಿಂದಿನ ಯಾವ ಕಾಗದದಲ್ಲಿ ‘ಪಾಲ್ ರಿವೀರ್, ಅಕ್ಕಸಾಲಿಗ’ ಎಂದಿದ್ದರೂ ಅದು ತಂದೆಯೇ ಎಂದು ಇಟ್ಟುಕೊಂಡು ಹೊರಡಿ. ಮಗನಿಗೆ ಆಗ 19 ವರ್ಷ, ಕಾನೂನಿನ ಪ್ರಕಾರ ಅಂಗಡಿ ನಡೆಸಲು 21 ತುಂಬಬೇಕಿತ್ತು. ಮಗ ಕಲಿತದ್ದು ಅಪ್ಪನ ಕೈಕೆಳಗೆ. ಅಂಥ ಕಡೆ ಬರಹದ ಕರಾರು ಇಲ್ಲದಿರುವುದೇ ಸಾಮಾನ್ಯ, ಅದನ್ನು ಹುಡುಕುತ್ತ ಕೂರಬೇಡಿ.

ಹುಡುಕುವಾಗ ಕಾಗುಣಿತವನ್ನು ನಂಬಲೇಬೇಡಿ. ಹಿಚ್‌ಬಾರ್ನ್ ಹೆಸರನ್ನು ನಡುವೆ ‘ಟಿ’ ಅಕ್ಷರ ಹಾಕಿಯೂ ಬರೆದಿದ್ದಾರೆ, ಬಿಟ್ಟೂ ಬರೆದಿದ್ದಾರೆ. ನಾಲ್ಕಾರು ರೂಪಗಳ ಪಟ್ಟಿ ಮಾಡಿಕೊಂಡು ಒಂದೊಂದಾಗಿ ಹುಡುಕಿ.

ಮಕ್ಕಳ ಪಟ್ಟಿ

ಇಲ್ಲಿಯೇ ಹೆಚ್ಚು ತಪ್ಪಾಗುವುದು, ಹಾಗಾಗಿ ನಿಧಾನವಾಗಿ ಮಾಡಬೇಕು. ದೊಡ್ಡ ಹಾಳೆಯಲ್ಲಿ ಆರು ಕಲಂ ಎಳೆಯಿರಿ: ಹೆಸರು, ತಾಯಿ, ಹುಟ್ಟು, ಸಾವು, ಮದುವೆ, ಈ ಮಾಹಿತಿ ಸಿಕ್ಕಿದ ದಾಖಲೆ. ಕೊನೆಯ ಕಲಂ ಖಾಲಿ ಇರುವ ಸಾಲು ಇನ್ನೂ ಊಹೆಯೇ.

ಮೊದಲ ಹೆಂಡತಿ ಸೇರಾ ಆರ್ನ್, ಮದುವೆ 1757ರ ಆಗಸ್ಟ್. ಎಂಟು ಮಕ್ಕಳು: ಡೆಬೊರಾ, ಪಾಲ್, ಸೇರಾ, ಮೇರಿ, ಫ್ರಾನ್ಸಿಸ್, ಮತ್ತೆ ಮೇರಿ, ಎಲಿಜಬೆತ್, ಐಸಾನಾ. ಎರಡನೆಯವಳು ರೇಚಲ್ ವಾಕರ್. ಆಕೆಗೂ ಎಂಟು: ಜೋಶುವಾ, ಜಾನ್, ಜೋಸೆಫ್ ವಾರೆನ್, ಲೂಸಿ, ಹ್ಯಾರಿಯೆಟ್, ಜಾನ್, ಮರಾಯಾ, ಜಾನ್. ಇಬ್ಬರು ಮೇರಿ, ಮೂವರು ಜಾನ್ ಇದ್ದಾರೆ ನೋಡಿ. ಕೂಸು ತೀರಿಕೊಂಡರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಆಗಿನ ರೂಢಿ. ಹೆಸರು ಒಂದೇ ಎಂದು ದಾಖಲೆಗಳನ್ನು ಒಂದುಗೂಡಿಸಿದರೆ 1776ರಲ್ಲಿ ಹುಟ್ಟಿ ಅದೇ ವರ್ಷ ಸತ್ತ ಜಾನ್ ಮುಂದೆ ವೈದ್ಯನಾಗಿಬಿಡುತ್ತಾನೆ. ವೈದ್ಯನಾದವನು 1787ರಲ್ಲಿ ಹುಟ್ಟಿದ ಮೂರನೆಯ ಜಾನ್. ಹೆಸರು ಮರುಕಳಿಸಿದಾಗ ಅವರ ನಡುವೆ ಒಂದು ಸಾವು ಇದೆ ಎಂದು ತಿಳಿದು ಸಮಾಧಿ ದಾಖಲೆ ಹುಡುಕಿ.

ಸೇರಾ ತೀರಿಕೊಂಡದ್ದು 1773ರ ಮೇ 3ರಂದು. ಅದೇ ಅಕ್ಟೋಬರ್‌ನಲ್ಲಿ ರಿವೀರ್ ರೇಚಲ್‌ಳನ್ನು ಮದುವೆಯಾದ. ಐದೇ ತಿಂಗಳಿಗೆ ಮರುಮದುವೆಯೇ ಎಂದು ಷರಾ ಬರೆಯುವ ಮೊದಲು ಹಾಳೆಯನ್ನು ನೋಡಿ. ಸೇರಾ ಸತ್ತ ದಿನ ಮನೆಯಲ್ಲಿ ಏಳು ಮಕ್ಕಳಿದ್ದರು. ದೊಡ್ಡವಳಿಗೆ 15, ಚಿಕ್ಕ ಕೂಸು ಐಸಾನಾಗೆ ಐದು ತಿಂಗಳು ಕೂಡ ತುಂಬಿರಲಿಲ್ಲ. ಆ ಕೂಸೂ ಸೆಪ್ಟೆಂಬರ್‌ನಲ್ಲಿ ಹೋಯಿತು. ಈ ಮೂರು ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಕು, ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಮದುವೆಯ ಕಲಂನಲ್ಲಿ ಇನ್ನೊಂದು ಗಂಟಿದೆ. ಹಿರಿಮಗಳು ಡೆಬೊರಾಳ ಗಂಡ ಏಮಸ್ ಲಿಂಕನ್. ಆಕೆ 1797ರಲ್ಲಿ ತೀರಿಕೊಂಡ ಮೇಲೆ ಆತ ಆಕೆಯ ತಂಗಿ ಎಲಿಜಬೆತ್‌ಳನ್ನು ಮದುವೆಯಾದ. ಇನ್ನೊಬ್ಬ ತಂಗಿ ಮೇರಿ ಕೈಹಿಡಿದದ್ದು ಜೆಡೆಡಯಾ ಲಿಂಕನ್‌ನನ್ನು. ‘ಲಿಂಕನ್ ಮೊಮ್ಮಗ’ ಎಂದು ಎಲ್ಲೇ ಕಂಡರೂ ಯಾವ ಮಗಳ ಮಗ ಎಂದು ಖಚಿತವಾಗದೆ ಹಾಳೆಗೆ ಏರಿಸಬೇಡಿ.

1790ರ ಜನಗಣತಿ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಅದರಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇದೆ, ಉಳಿದವರು ಬರೀ ಸಂಖ್ಯೆ. ಮನೆಮಂದಿಯ ಹೆಸರು ಬರುವುದು 1850ರಿಂದ ಈಚೆಗೆ.

ಲೆಕ್ಕದ ಪುಸ್ತಕ ಓದುವುದು

ಅಂಗಡಿಯ ದಿನಚರಿ ಲೆಕ್ಕ 1761ರ ಜನವರಿಯಿಂದ 1797ರವರೆಗೆ, ನಡುವೆ ಅಲ್ಲಲ್ಲಿ ಬಿಟ್ಟು, ಉಳಿದುಬಂದಿದೆ. ಕುಟುಂಬದ ಕಾಗದಗಳ ಜೊತೆ ಅದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ನಮ್ಮ ಅಕ್ಕಸಾಲಿಗರ ಚೀಟಿ ನೋಡಿದವರಿಗೆ ಅದರ ಕ್ರಮ ಹೊಸದಲ್ಲ. ಲೋಹದ ತೂಕಕ್ಕೆ ಒಂದು ಬೆಲೆ, ಮಜೂರಿ ಬೇರೆ, ಕೆತ್ತನೆ ಇದ್ದರೆ ಅದಕ್ಕೂ ಬೇರೆ. ಗಿರಾಕಿ ಹಳೆಯ ಬೆಳ್ಳಿ ಕೊಟ್ಟಿದ್ದರೆ ಅದನ್ನು ಜಮಾ ಮಾಡಿ ಕಳೆಯುತ್ತಾರೆ.

ತೂಕ ಟ್ರಾಯ್ ಅಳತೆಯಲ್ಲಿ ಇದೆ. 24 ಗ್ರೇನ್‌ಗೆ ಒಂದು ಪೆನ್ನಿವೇಟ್, 20 ಪೆನ್ನಿವೇಟ್‌ಗೆ ಒಂದು ಔನ್ಸ್, ಒಂದು ಔನ್ಸ್ ಅಂದರೆ 31.1 ಗ್ರಾಂ. ಅಡುಗೆಯ 28 ಗ್ರಾಂ ಔನ್ಸ್ ಹಾಕಿದರೆ ಎಲ್ಲ ಲೆಕ್ಕವೂ ಹತ್ತನೆಯ ಒಂದು ಭಾಗದಷ್ಟು ತಪ್ಪುತ್ತದೆ. ಹಣದಲ್ಲಿ 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ಅಭ್ಯಾಸಕ್ಕೆ ಒಂದು ಲೆಕ್ಕ ಮಾಡಿ: 19 ಔನ್ಸ್ 10 ಪೆನ್ನಿವೇಟ್ ತೂಕದ ಚಹಾ ಪಾತ್ರೆ, ಔನ್ಸ್‌ಗೆ 7 ಶಿಲ್ಲಿಂಗ್. ಹತ್ತೊಂಬತ್ತೂವರೆಯನ್ನು ಏಳರಿಂದ ಗುಣಿಸಿದರೆ ನೂರಮೂವತ್ತಾರೂವರೆ ಶಿಲ್ಲಿಂಗ್, ಅಂದರೆ 6 ಪೌಂಡ್ 16 ಶಿಲ್ಲಿಂಗ್ 6 ಪೆನ್ಸ್. ಇದು ಬೆಳ್ಳಿಯ ಬೆಲೆ ಮಾತ್ರ.

ಪೌಂಡ್ ಎಂದ ಕೂಡಲೇ ಲಂಡನ್ನಿನ ಪೌಂಡ್ ಎಂದುಕೊಳ್ಳಬೇಡಿ. ಒಂದು ಸ್ಪ್ಯಾನಿಷ್ ಡಾಲರ್‌ಗೆ ಲಂಡನ್‌ನಲ್ಲಿ ನಾಲ್ಕೂವರೆ ಶಿಲ್ಲಿಂಗ್ ಆದರೆ ಮ್ಯಾಸಚೂಸೆಟ್ಸ್‌ನಲ್ಲಿ 6 ಶಿಲ್ಲಿಂಗ್. 1750ಕ್ಕೆ ಮೊದಲು ಅಲ್ಲಿ ಓಡುತ್ತಿದ್ದುದು ಬೆಲೆ ಕುಸಿದ ಕಾಗದದ ಹಣ. ಕೋನಿಯ ಆಸ್ತಿಪಟ್ಟಿಯ ಪೌಂಡನ್ನೂ ಮಗನ ಅಂಗಡಿಯ ಪೌಂಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ವಸ್ತುಗಳನ್ನು ನೋಡುವಾಗ ಮುದ್ರೆಯೊಂದನ್ನೇ ನಂಬಬೇಡಿ, ನಕಲಿ ಮುದ್ರೆಗಳು ಬಹಳ. ತಯಾರಿಯ ರೀತಿಯನ್ನು ನೋಡಿ. ಸ್ವಾತಂತ್ರ್ಯ ಯುದ್ಧಕ್ಕೆ ಮುಂಚಿನ ಚಹಾ ಪಾತ್ರೆಗಳನ್ನು ಬಿಲ್ಲೆಯಂಥ ಬೆಳ್ಳಿಯನ್ನು ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು ಗುಂಡಗೆ ಎಬ್ಬಿಸುತ್ತಿದ್ದರು. 1785ರ ಹೊತ್ತಿಗೆ ರಿವೀರ್ ತಗಡು ಎಳೆಯುವ ಗಿರಣಿ ತಂದ. ಆಮೇಲಿನವು ತೆಳು ತಗಡನ್ನು ಬಾಗಿಸಿ ಬೆಸುಗೆ ಹಾಕಿದ ಅಂಡಾಕಾರದ ಪಾತ್ರೆಗಳು, ಬೆಸುಗೆಯ ಗೆರೆ ಹಿಡಿಯ ಬದಿಯಲ್ಲಿ ಇರುತ್ತದೆ.

ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿ ಜಾನ್ ಸಿಂಗಲ್ಟನ್ ಕಾಪ್ಲಿ 1768ರಲ್ಲಿ ಬಿಡಿಸಿದ ರಿವೀರ್‌ನ ಚಿತ್ರವಿದೆ. ಅದನ್ನೂ ದಾಖಲೆಯಂತೆಯೇ ಓದಿ. ಮೈಮೇಲೆ ಕೋಟಿಲ್ಲ, ಬಿಳಿ ಅಂಗಿ. ಎಡಗೈಯಲ್ಲಿ ಚಹಾ ಪಾತ್ರೆ, ಅದರಡಿ ತೊಗಲಿನ ದಿಂಬು, ಮೇಜಿನ ಮೇಲೆ ಕೆತ್ತುವ ಉಳಿಗಳು. ಪಾತ್ರೆಯ ಆಕಾರ ಮುಗಿದಿದೆ, ಮೈಮೇಲೆ ಇನ್ನೂ ಒಂದು ಗೆರೆಯೂ ಬಿದ್ದಿಲ್ಲ. ಕೆಲಸದ ಯಾವ ಹಂತ ಎಂದು ಕಸುಬು ಬಲ್ಲವರು ನೋಡಿದ ಕೂಡಲೇ ಹೇಳುತ್ತಾರೆ.

ಸೈನ್ಯದ ಹುದ್ದೆ

‘ಕರ್ನಲ್ ರಿವೀರ್ ಕುದುರೆಯೇರಿ ಹೊರಟ’ ಎಂದು ಬರೆಯುವುದು ತಪ್ಪು. 1775ರ ಏಪ್ರಿಲ್‌ನಲ್ಲಿ ಆತನಿಗೆ ಯಾವ ಹುದ್ದೆಯೂ ಇರಲಿಲ್ಲ, ಸುದ್ದಿ ಒಯ್ಯುವವನಾಗಿದ್ದ. ಸೇವೆಯನ್ನು ಎರಡು ಕಾಲವಾಗಿ ಬಿಡಿಸಿ. 1756ರಲ್ಲಿ ಫ್ರೆಂಚರ ವಿರುದ್ಧದ ಕ್ರೌನ್ ಪಾಯಿಂಟ್ ದಂಡಯಾತ್ರೆಯಲ್ಲಿ ಫಿರಂಗಿದಳದ ಸೆಕೆಂಡ್ ಲೆಫ್ಟಿನೆಂಟ್. 1776ರ ಏಪ್ರಿಲ್‌ನಲ್ಲಿ ಮ್ಯಾಸಚೂಸೆಟ್ಸ್ ಮಿಲಿಷಿಯಾದ (ರಾಜ್ಯದ ನಾಗರಿಕ ಪಡೆ) ಮೇಜರ್, ಅದೇ ನವೆಂಬರ್‌ನಲ್ಲಿ ಫಿರಂಗಿದಳದ ಲೆಫ್ಟಿನೆಂಟ್ ಕರ್ನಲ್. ಇದು ರಾಜ್ಯದ ಸೇವೆ. ವಾಷಿಂಗ್ಟನ್‌ನ ಕಾಂಟಿನೆಂಟಲ್ ಸೈನ್ಯದಲ್ಲಿ ಆತನಿಗೆ ಹುದ್ದೆ ಸಿಗಲೇ ಇಲ್ಲ. ಆದ್ದರಿಂದ ದಾಖಲೆ ಹುಡುಕಬೇಕಾದ್ದು ರಾಜ್ಯದ ದಫ್ತರದಲ್ಲಿ. ಪಿಂಚಣಿ ಕಡತಕ್ಕಾಗಿ ಕಾಯಬೇಡಿ. ಮಿಲಿಷಿಯಾ ಸೇವೆಗೂ ಪಿಂಚಣಿ ಕೊಟ್ಟ ಕಾನೂನು ಬಂದದ್ದು 1832ರಲ್ಲಿ, ರಿವೀರ್ ಸತ್ತದ್ದು 1818ರ ಮೇ 10ರಂದು.

ಬ್ರಿಟಿಷರ ವಿರುದ್ಧದ 1779ರ ಪೆನಾಬ್‌ಸ್ಕಾಟ್ ದಂಡಯಾತ್ರೆಯನ್ನು ಬಿಟ್ಟು ಬರೆಯಬೇಡಿ. ಅದಕ್ಕೆ ಹೋದ ಅಮೆರಿಕದ ಹಡಗುಗಳ ದಂಡು ನಾಶವಾದ ಸೋಲು ಅದು. ಹಿಮ್ಮೆಟ್ಟುವಾಗ ಬ್ರಿಗೇಡಿಯರ್ ಪೆಲೆಗ್ ವಾಡ್ಸ್‌ವರ್ತ್ ಕೇಳಿದ ದೋಣಿಯನ್ನು ಕೊಡಲು ರಿವೀರ್ ಒಪ್ಪಲಿಲ್ಲ ಎಂಬುದೂ, ಅಪ್ಪಣೆಯಿಲ್ಲದೆ ಊರಿಗೆ ಹೊರಟ ಎಂಬುದೂ ಆತನ ಮೇಲಿನ ಆರೋಪ. ಸೆಪ್ಟೆಂಬರ್‌ನಲ್ಲಿ ಹುದ್ದೆಯಿಂದ ಇಳಿಸಿದರು. ಕಳಂಕ ತೊಳೆದುಕೊಳ್ಳಲು ತನ್ನನ್ನು ಕೋರ್ಟ್ ಮಾರ್ಷಲ್ (ಸೇನಾ ವಿಚಾರಣೆ) ಮಾಡಿ ಎಂದು ಆತನೇ ಮತ್ತೆ ಮತ್ತೆ ಅರ್ಜಿ ಹಾಕಿದ. 1782ರ ಫೆಬ್ರವರಿಯಲ್ಲಿ ಖುಲಾಸೆಯಾಯಿತು. ಆರೋಪದ ಹೇಳಿಕೆಯನ್ನಷ್ಟೇ ಅಥವಾ ತೀರ್ಪನ್ನಷ್ಟೇ ಓದಿ ನಿಲ್ಲಿಸುವುದು ಅನ್ಯಾಯ, ಎರಡೂ ಬರಬೇಕು. ಆ ರಾತ್ರಿಯ ಸವಾರಿಯ ಮೇಲೆ ಕವನ ಬರೆದು ರಿವೀರ್‌ನನ್ನು ಮನೆಮಾತಾಗಿಸಿದ ಕವಿ ಲಾಂಗ್‌ಫೆಲೋ ಇದೇ ವಾಡ್ಸ್‌ವರ್ತ್‌ನ ಮೊಮ್ಮಗ. ಆ ಕವನವನ್ನು ಆಧಾರವಾಗಿ ಬಳಸಬೇಡಿ. ಅದರಲ್ಲಿ ರಿವೀರ್ ಲೆಕ್ಸಿಂಗ್ಟನ್ ದಾಟಿ ಕಾಂಕರ್ಡ್ ಊರನ್ನೂ ತಲುಪುತ್ತಾನೆ. ನಿಜದಲ್ಲಿ ಲಿಂಕನ್ ಊರಿನ ಬಳಿ ಬ್ರಿಟಿಷ್ ಗಸ್ತಿನವರು ಹಿಡಿದು ಕುದುರೆ ಕಿತ್ತುಕೊಂಡರು, ಆತ ಲೆಕ್ಸಿಂಗ್ಟನ್‌ಗೆ ನಡೆದೇ ಹಿಂದಿರುಗಿದ. ಆತನೇ ಬರೆದ ಹೇಳಿಕೆಗಳು ಅದೇ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ.

ಹೆಂಡತಿಯ ಪತ್ರ, ಮೊಮ್ಮಗನ ಡಾಲರ್

ಕಸುಬುದಾರರ ಹೆಂಡತಿಯರ ಕೈಬರಹ ಅಪರೂಪ, ಸಿಕ್ಕರೂ ಮನೆಯ ಕಾಗದಗಳಲ್ಲೇ ಸಿಗುತ್ತದೆ ಎನ್ನುವಂತಿಲ್ಲ. ಸವಾರಿಯ ನಂತರ ಬಾಸ್ಟನ್‌ಗೆ ಮರಳಲಾಗದೆ ಉಳಿದ ಗಂಡನಿಗೆ ರೇಚಲ್ 125 ಪೌಂಡ್ ಇಟ್ಟು ಒಂದು ಪತ್ರ ಬರೆದಳು. ತಲುಪಿಸಲು ಕೊಟ್ಟದ್ದು ಡಾ. ಬೆಂಜಮಿನ್ ಚರ್ಚ್ ಕೈಗೆ. ಆತ ಬ್ರಿಟಿಷರ ಗೂಢಚಾರ. ಪತ್ರ ಸೇರಿದ್ದು ಬ್ರಿಟಿಷ್ ಸೇನಾಪತಿ ಜನರಲ್ ಗೇಜ್‌ನ ಕಾಗದಗಳಿಗೆ, ಈಗ ಇರುವುದು ಮಿಷಿಗನ್‌ನ ಕ್ಲೆಮೆಂಟ್ಸ್ ಗ್ರಂಥಾಲಯದಲ್ಲಿ. ಎದುರಾಳಿಯ ದಫ್ತರವನ್ನೂ ಹುಡುಕಬೇಕು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕೊನೆಗೆ ಆಸ್ತಿ. ಬಾಸ್ಟನ್ನಿನ ನಾರ್ತ್ ಸ್ಕ್ವೇರ್‌ನ ಮನೆ ಸುಮಾರು 1680ರದು, ರಿವೀರ್ ಕೊಂಡದ್ದು 1770ರಲ್ಲಿ, ಮಾರಿದ್ದು 1800ರಲ್ಲಿ. ಈಗ ಅದು ವಸ್ತುಸಂಗ್ರಹಾಲಯ, ಬಾಸ್ಟನ್ ಸುತ್ತ ಇರುವ ಕನ್ನಡಿಗರು ಒಂದು ಮಧ್ಯಾಹ್ನದಲ್ಲಿ ನೋಡಿ ಬರಬಹುದು. ಪಕ್ಕದ ಇಟ್ಟಿಗೆ ಮನೆ ಆತನ ಸೋದರಸಂಬಂಧಿ, ದೋಣಿ ಕಟ್ಟುತ್ತಿದ್ದ ನಥಾನಿಯಲ್ ಹಿಚ್‌ಬಾರ್ನ್‌ನದು. ಎರಡನ್ನೂ ನೋಡಿದರೆ ತಾಯಿಯ ಕಡೆಯವರು ಎಷ್ಟು ಹತ್ತಿರದಲ್ಲಿದ್ದರು ಎಂಬುದು ಕಣ್ಣಿಗೇ ಕಾಣುತ್ತದೆ. 1801ರಲ್ಲಿ ಬಾಸ್ಟನ್ ಹತ್ತಿರದ ಕ್ಯಾಂಟನ್ ಊರಿನಲ್ಲಿ ಆರಂಭಿಸಿದ ತಾಮ್ರದ ಗಿರಣಿಯನ್ನು ಮುಂದೆ ಮಗ ಜೋಸೆಫ್ ವಾರೆನ್ ನಡೆಸಿದ. ಉಯಿಲಿನಲ್ಲಿ ಡೆಬೊರಾಳ ಮಗನೊಬ್ಬನಿಗೆ, ಫ್ರ್ಯಾಂಕ್ ಎಂಬ ಹೆಸರನ್ನು ಫ್ರಾನ್ಸಿಸ್ ಎಂದು ಮಾಡಿಕೊಂಡವನಿಗೆ, ಒಂದೇ ಒಂದು ಡಾಲರ್ ಎಂದಿದೆ. ಆ ಸಾಲನ್ನು ಉಲ್ಲೇಖಿಸಿ, ಜಗಳದ ಕಥೆ ಕಟ್ಟಬೇಡಿ. ಮೊಮ್ಮಗನ ಎರಡೂ ಹೆಸರನ್ನು ಕುಟುಂಬದ ಹಾಳೆಗೆ ಸೇರಿಸಿ, ಆಧಾರದ ಕಲಂನಲ್ಲಿ ‘ಉಯಿಲು’ ಎಂದು ಬರೆಯಿರಿ.