ಮೊಲಕ್ಕೆ ಮೈಸೂರು ರಾಸ್ಪ್‌ಬೆರಿ ಸೊಪ್ಪು: ತಾರಸಿಯಲ್ಲಿ ಬೆಳೆದ ನನ್ನ ಅನುಭವ

ಬೆಂಗಳೂರಿನ ತಾರಸಿ ಮೇಲೆ ರಾಸ್ಪ್‌ಬೆರಿ ಬದುಕಲ್ಲ, ಬದುಕಿದರೂ ಮೊಲದ ಹೊಟ್ಟೆಗೆ ಸಾಲುವಷ್ಟು ಸೊಪ್ಪು ಸಿಗಲ್ಲ ಅಂತ ಹೇಳಿದವರೇ ಜಾಸ್ತಿ. ಈಗ ನಾಲ್ಕು ಗ್ರೋ ಬ್ಯಾಗ್‌ಗಳು ಎರಡು ಮೊಲಗಳಿಗೆ ಮಳೆಗಾಲವಿಡೀ ಸೊಪ್ಪು ಕೊಡುತ್ತಿವೆ.

ಮೊದಲು ದುಡ್ಡು ಕಳೆದದ್ದು ಜಾತಿಯ ಆಯ್ಕೆಯಲ್ಲಿ. ನರ್ಸರಿಯಿಂದ ತಂದ ಚಳಿದೇಶದ ಕೆಂಪು ರಾಸ್ಪ್‌ಬೆರಿ, ಗಿಡಕ್ಕೆ ಸುಮಾರು 350 ರೂಪಾಯಿಯಂತೆ ಮೂರು. ಏಪ್ರಿಲ್ ಬಿಸಿಲಿಗೆ ಮೂರೂ ಒಣಗಿದವು. ಇಲ್ಲಿಗೆ ಒಗ್ಗುವುದು ನಮ್ಮ ನಾಡಿನ ಹೆಸರನ್ನೇ ಹೊತ್ತಿರುವ ಮೈಸೂರು ರಾಸ್ಪ್‌ಬೆರಿ, ಅಂದರೆ ರೂಬಸ್ ನಿವಿಯಸ್. ರೆಂಬೆಗೆ ವಿಭೂತಿ ಬಳಿದಂಥ ಬಿಳಿ ಪುಡಿ, ಎಲೆಯಡಿ ಬಿಳಿ ತುಪ್ಪಳ, ಕೊಕ್ಕೆ ಮುಳ್ಳು, ಕೆಂಪಾಗಿ ಆಮೇಲೆ ಕಪ್ಪಾಗುವ ಹಣ್ಣು. ಹಳದಿ ಹಣ್ಣಿನ, ಮೂರೆಲೆಯ ರೂಬಸ್ ಎಲಿಪ್ಟಿಕಸ್ಸನ್ನೂ ಮೊಲ ತಿನ್ನುತ್ತದೆ. ಆದರೆ ಅದರ ರೆಂಬೆ ತುಂಬ ಕೆಂಪು ಬಿರುಗೂದಲು. ನಾನು ಕೈಬಿಟ್ಟೆ.

ತಾಯಿಗಿಡ ತಂದದ್ದು ಕೊಡಗಿನ ಕಾಫಿ ತೋಟವೊಂದರ ಬೇಲಿಯಿಂದ, ಮಾಲೀಕರನ್ನು ಕೇಳಿಯೇ. ಮೀಸಲು ಅರಣ್ಯದಿಂದ ಕೀಳುವ ಹಾಗಿಲ್ಲ. ತೋಟದಲ್ಲೂ ಎರಡು ಎಚ್ಚರ ಬೇಕು. ಮಳೆಗೆ ಮುಂಚೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ಕಡೆಯ ಎಲೆ ಬೇಡ, ಅದರಲ್ಲಿ ತಾಮ್ರ ಕೂತಿರುತ್ತದೆ. ಕಳೆನಾಶಕ ಹೊಡೆದ ಅಂಚೂ ಬೇಡ. ಇದಕ್ಕಿಂತ ದೊಡ್ಡ ಅಪಾಯ ಲಂಟಾನ ಎಂಬ ಕಳೆಗಿಡ. ಒಂದೇ ಪೊದೆಯಲ್ಲಿ ಎರಡೂ ಹೆಣೆದುಕೊಂಡು ಬೆಳೆಯುತ್ತವೆ. ಲಂಟಾನ ಮೊಲದ ಲಿವರ್ ಕೆಡಿಸುತ್ತದೆ. ಅದರ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಹಿಸುಕಿದರೆ ಘಾಟು ವಾಸನೆ. ಕತ್ತರಿಸುವಾಗ ಒಂದೊಂದೇ ರೆಂಬೆ ಹಿಡಿದು ನೋಡಬೇಕು, ಹಿಡಿಗಟ್ಟಲೆ ಕೊಯ್ದು ಚೀಲಕ್ಕೆ ತುಂಬಬಾರದು.

ಗಿಡ ಹೆಚ್ಚಿಸುವುದರಲ್ಲೇ ಒಂದು ವರ್ಷ ಹೋಯಿತು. ಕಡ್ಡಿ ನೆಟ್ಟದ್ದು ನಲವತ್ತರ ಹತ್ತಿರ, ಬೇರು ಬಿಟ್ಟದ್ದು ಮೂರೋ ನಾಲ್ಕೋ, ಅವೂ ಕೊಳೆತವು. ಬೀಜ ಹಾಕಿದರೆ ಗಟ್ಟಿ ಸಿಪ್ಪೆ, ತಿಂಗಳುಗಟ್ಟಲೆ ಕಾಯಬೇಕು. ಕೊನೆಗೆ ಗೆದ್ದದ್ದು ತುದಿ ಊರುವ ವಿಧಾನ. ಆಗಸ್ಟ್ ಕೊನೆಗೆ ಬಾಗಿದ ರೆಂಬೆಯ ತುದಿ ಇಲಿಬಾಲದಂತೆ ಸಣ್ಣಗೆ ಉದ್ದವಾಗುತ್ತದೆ, ಅಲ್ಲಿನ ಎಲೆಗಳು ಉಗುರಿನಷ್ಟಾಗಿ ಮುದುಡುತ್ತವೆ. ಅದೇ ಹೊತ್ತು. ಒಂದು ವಾರ ಮೊದಲು ಊರಿದರೆ ತುದಿ ಮಣ್ಣಿನಿಂದ ಎದ್ದು ಮತ್ತೆ ಬೆಳೆಯುತ್ತದೆ. ಮೂರು ಇಂಚು ಆಳಕ್ಕೆ, ತಲೆ ಕೆಳಗಾಗಿ ಊರಿ, ತಂತಿ ಬಗ್ಗಿಸಿ ಒತ್ತಿಡುತ್ತೇನೆ. ಐದಾರು ವಾರಕ್ಕೆ ಬಿಳಿ ಬೇರಿನ ಗೊಂಚಲು. ತಾಯಿ ರೆಂಬೆಯನ್ನು ಅರ್ಧ ಅಡಿ ಬಿಟ್ಟು ಕತ್ತರಿಸಿದರೆ ಸಸಿ ಸಿದ್ಧ. ಹತ್ತಕ್ಕೆ ಒಂಬತ್ತು ಹಿಡಿಯುತ್ತವೆ. ಕಡ್ಡಿ ನೆಟ್ಟು ಇಷ್ಟು ಗಿಡ ಮಾಡಿದವರನ್ನು ನಾನಂತೂ ನೋಡಿಲ್ಲ. ಊರುವ ಗುಂಡಿಗೆ ನಾನು ಬೆರೆಸುವ ವಸ್ತು ಒಂದಿದೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಬ್ಯಾಗ್ 15 ಇಂಚಿನದು. ಕೆಂಪು ಮಣ್ಣು, ಎರೆಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚುಕಮ್ಮಿ ಸಮಪಾಲು. ರೆಂಬೆ ಮೂರು ಅಡಿ ಆದಾಗ ತುದಿ ಚಿವುಟಬೇಕು, ಪಕ್ಕದ ಕವಲುಗಳ ಎಲೆಯೇ ಮೆತ್ತಗಿರುವುದು. ಹಣ್ಣು ಬಿಟ್ಟ ರೆಂಬೆ ಹೇಗೂ ಸಾಯುತ್ತದೆ, ಬುಡಕ್ಕೇ ತೆಗೆಯಿರಿ. ಸಸಿ ಬೇಡವಾದಾಗ ತುದಿ ನೆಲ ಮುಟ್ಟಲು ಬಿಡಬೇಡಿ, ಅಲ್ಲೇ ಬೇರು ಬಿಟ್ಟು ಹರಡುತ್ತದೆ. ಗ್ಯಾಲಪಗೋಸ್ ದ್ವೀಪಗಳಲ್ಲಿ ಇದೇ ಗಿಡ ಕಾಡನ್ನೇ ನುಂಗುವ ಕಳೆಯಾಗಿದೆ. ಮಾರ್ಚ್‌ನಲ್ಲಿ ಕೆಂಪು ನುಸಿ ಬರುತ್ತದೆ, ಬಿಳಿ ತುಪ್ಪಳದಲ್ಲಿ ಅದರ ಬಲೆ ಕಾಣುವುದಿಲ್ಲ. ಎಲೆ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆ ಕಂಡ ಕೂಡಲೇ ಬೆಳಗ್ಗೆ ಎಲೆಯಡಿಗೆ ಜೋರಾಗಿ ನೀರು ಹೊಡೆಯುತ್ತೇನೆ. ತಿನ್ನಿಸುವ ಸೊಪ್ಪಾದ್ದರಿಂದ ಬೇವಿನೆಣ್ಣೆಯನ್ನೂ ಮುಟ್ಟುವುದಿಲ್ಲ.

ಎರಡು ಕೆಜಿ ಮೊಲಕ್ಕೆ ಮೊದಲ ವಾರ ದಿನಕ್ಕೆ ಎರಡು ಮೂರು ಎಲೆ, ಆಮೇಲೆ ಒಂದು ಹಿಡಿ. ಒಣಹುಲ್ಲು ಎಂದಿನಂತೆಯೇ ಇರಬೇಕು. ಎಲೆಯಲ್ಲಿ ಒಗರು ಜಾಸ್ತಿ, ಹಾಗಾಗಿ ಹಿಕ್ಕೆ ಚಿಕ್ಕದಾಗಿ ಗಟ್ಟಿಯಾದರೆ ಸೊಪ್ಪು ಇಳಿಸಿ, ನೀರು ಹೆಚ್ಚಿಸಿ. ಹಿಕ್ಕೆ ಮೆತ್ತಗಾದಾಗ ಇದನ್ನು ಮದ್ದಿನಂತೆ ತುರುಕುವವರಿದ್ದಾರೆ, ಅದು ತಪ್ಪು. ಅರ್ಧ ದಿನ ಮೊಲ ಏನೂ ತಿನ್ನದಿದ್ದರೆ ತಡಮಾಡದೆ ಪಶುವೈದ್ಯರ ಹತ್ತಿರ ಓಡಬೇಕು. ಸಣ್ಣ ಮುಳ್ಳುಗಳನ್ನು ಮೊಲ ತಾನೇ ಅಗಿಯುತ್ತದೆ. ದಪ್ಪ ರೆಂಬೆಯ ಕೊಕ್ಕೆ ಮುಳ್ಳನ್ನು ಮಾತ್ರ ಚಾಕುವಿನ ಬೆನ್ನಿನಿಂದ ಕೆರೆದು ಕೊಟ್ಟರೆ ಹಲ್ಲು ಸವೆಸಲು ಒಳ್ಳೆಯ ಕಡ್ಡಿ.

ನಡುವೆ ಹಿಪ್ಪುನೇರಳೆ ಎಲೆಯನ್ನೂ ಪಕ್ಕದಲ್ಲಿಟ್ಟು ನೋಡಿದೆ. ಮೊದಲು ಖಾಲಿಯಾದದ್ದು ಹಿಪ್ಪುನೇರಳೆಯೇ, ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಎರಡೂ ಸೊಪ್ಪಿನ ಮೇಲೆ ಮೊಲಗಳಿಗೆ ಒಂದೇ ಆಸೆ. ಎರಡು ವರ್ಷದಲ್ಲಿ ಬ್ಯಾಗು, ಗೊಬ್ಬರ, ಮಣ್ಣು ಸೇರಿ ಎರಡು ಸಾವಿರ ದಾಟಿಲ್ಲ. ಬೇಸಿಗೆಯಲ್ಲಿ ಇಳುವರಿ ಮೂರರಲ್ಲಿ ಒಂದು ಪಾಲಿಗೆ ಬೀಳುತ್ತದೆ, ಅದಕ್ಕೆ ಅಕ್ಟೋಬರ್ ಸೊಪ್ಪನ್ನು ನೆರಳಲ್ಲಿ ಒಣಗಿಸಿಡುತ್ತೇನೆ. ಅರೆಬಾಡಿದ್ದನ್ನು ಡಬ್ಬಿಗೆ ತುಂಬಿದರೆ ಬೂಸ್ಟು ಹಿಡಿಯುತ್ತದೆ. ಕೈಯಲ್ಲಿ ಹಿಡಿದರೆ ಹಪ್ಪಳದಂತೆ ಮುರಿಯಬೇಕು, ಆಮೇಲೆಯೇ ಮುಚ್ಚಳ.